ಚಕ್ಕೆಯೆಣ್ಣೆ ನೀರಿನ ತಳ ಸೇರಿದ್ದು

ಮೊದಲು ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಬನ್ನಿ. ಕಿಟಕಿಯನ್ನೂ ಹಾಕಿ. ಇದು ಗಾಳಿಯ ಕಿವಿಗೆ ಬೀಳಬಾರದ ಕತೆ. ಯಾಕೆ ಅಂತ ಈಗಲೇ ಕೇಳಬೇಡಿ, ಕತೆಯೇ ಹೇಳುತ್ತೆ. ಹಾಕಿದಿರಾ? ಸರಿ, ಹತ್ತಿರ ಬಂದು ಕೂತುಕೊಳ್ಳಿ.

ಲೋಕ ಹೊಸದಾಗಿದ್ದ ಕಾಲ. ಎಷ್ಟು ಹೊಸದು ಅಂದರೆ, ಬೆಟ್ಟಗಳ ಮಣ್ಣು ಇನ್ನೂ ಹಸಿಹಸಿ. ನವಿಲು, ತನಗೆ ಅಷ್ಟುದ್ದ ಬಾಲ ಯಾಕೆ ಕೊಟ್ಟಿದ್ದಾರೆ ಅಂತ ತಿಳಿಯದೆ, ಸುಮ್ಮನೆ ಎಳೆದುಕೊಂಡು ಓಡಾಡುತ್ತಿತ್ತು. ಮರ, ಹೊಳೆ, ಗಾಳಿ, ಹಕ್ಕಿ, ಮನುಷ್ಯರು, ಎಲ್ಲರದೂ ಒಂದೇ ಭಾಷೆ. ಹೊಳೆ ಗೊಣಗಿದರೆ ಮನುಷ್ಯರಿಗೆ ತಿಳಿಯುತ್ತಿತ್ತು, ಮನುಷ್ಯರು ಗೊಣಗಿದರೆ ಮರಕ್ಕೆ ತಿಳಿಯುತ್ತಿತ್ತು. ಗೊಣಗುವವರು ಮಾತ್ರ ಆಗಲೂ ಈಗಿನಷ್ಟೇ ಇದ್ದರು.

ಆ ಕಾಲದಲ್ಲಿ ಒಂದು ಬೆಟ್ಟದ ಬುಡದಲ್ಲಿ ಹತ್ತೆಂಟು ಗುಡಿಸಲು. ಅದರಲ್ಲೊಂದು ಬೊಮ್ಮಕ್ಕನದು. ಬೊಮ್ಮಕ್ಕ ಎಣ್ಣೆ ತೆಗೆಯುವವಳು. ಕೊಬ್ಬರಿಯಿಂದ ಎಣ್ಣೆ, ಎಳ್ಳಿನಿಂದ ಎಣ್ಣೆ, ಹರಳಿನಿಂದ ಎಣ್ಣೆ. ಕಲ್ಲಿನಿಂದ ಒಂದು ತೆಗೆದಿಲ್ಲ, ಉಳಿದದ್ದೆಲ್ಲ ತೆಗೆದಿದ್ದಾಳೆ ಅಂತ ಜನ ಆಡಿಕೊಳ್ಳುತ್ತಿದ್ದರು.

ಅವಳಿಗೆ ಈ ಕೆಲಸ ಕಲಿಸಿದವಳು ನಿಂಗಜ್ಜಿ. ತಾಯಿ ಇಲ್ಲದ ಕೂಸು ಬೊಮ್ಮಕ್ಕನನ್ನು ಎದೆಗೆ ಅವಚಿಕೊಂಡು ಸಾಕಿದವಳೂ ಅವಳೇ. ಒಂದೇ ಗುಡಿಸಲು, ಒಂದೇ ಒಲೆ, ಇಬ್ಬರೇ. ಬೊಮ್ಮಕ್ಕನಿಗೆ ಲೋಕದಲ್ಲಿ ನನ್ನವರು ಅಂತ ಇದ್ದದ್ದು ಆ ಅಜ್ಜಿ ಒಬ್ಬಳೇ.

ಅಜ್ಜಿ ಕಲಿಸಿದ ಮೊದಲ ಪಾಠ ಇದು. ಯಾವ ಎಣ್ಣೆ ತೆಗೆದರೂ ಒಂದು ಬಟ್ಟಲಲ್ಲಿ ನೀರು ಹಿಡಿದು ಒಂದು ಹನಿ ಬಿಡಬೇಕು. ನೀರಿನ ಮೇಲೆ ತೇಲಿದರೆ ಅದು ಎಣ್ಣೆ. ಮುಳುಗಿದರೆ ಅದು ಬರೀ ಗಸಿ, ಚೆಲ್ಲಿಬಿಡಬೇಕು.

“ತೇಲಿದ್ದು ಎಣ್ಣೆ, ಮುಳುಗಿದ್ದು ಗಸಿ,” ಅಂತ ಬೊಮ್ಮಕ್ಕ ಚಿಕ್ಕಂದಿನಿಂದ ಹಾಡಿನ ಹಾಗೆ ಹೇಳಿಕೊಂಡು ಬಂದವಳು. ತೇಲಿದ್ದನ್ನು ಕೆನೆ ತೆಗೆದ ಹಾಗೆ ಎಲೆಯ ತುದಿಯಲ್ಲಿ ತೆಗೆಯುವಳು, ಉಳಿದ ನೀರನ್ನು ಹಿಂದೆಮುಂದೆ ನೋಡದೆ ಅಂಗಳಕ್ಕೆ ಚೆಲ್ಲುವಳು. ನಿದ್ದೆಗಣ್ಣಲ್ಲೂ ಅವಳ ಕೈ ಅಷ್ಟನ್ನೇ ಮಾಡುತ್ತಿತ್ತು.

ಹೀಗಿರುವಾಗ ಒಂದು ದಿನ ಬೆಳಗ್ಗೆ ಚಳಿ ಬಂತು.

ಲೋಕಕ್ಕೆ ಅದು ಮೊದಲನೇ ಚಳಿಗಾಲ. ಚಳಿ ಅಂತ ಅದಕ್ಕೊಂದು ಹೆಸರೂ ಅವತ್ತಿನವರೆಗೆ ಇರಲಿಲ್ಲ. “ಮೈಯೊಳಗೆ ಯಾರೋ ಬಾವಿ ನೀರು ಸುರಿದ ಹಾಗಾಗುತ್ತಲ್ಲ, ಏನಿದು?” ಅಂತ ಒಬ್ಬರನ್ನೊಬ್ಬರು ಕೇಳಿದರು. ಹಲ್ಲು ಕಟಕಟ ಅಂದದ್ದಕ್ಕೆ ಮಕ್ಕಳು ಮೊದಲು ನಕ್ಕರು, ಆಮೇಲೆ ಅತ್ತರು.

ಹರೆಯದವರು ಒಲೆಯ ಮುಂದೆ ಕೂತು ಹೇಗೋ ತಡೆದುಕೊಂಡರು. ನಿಂಗಜ್ಜಿಗೆ ಆಗಲಿಲ್ಲ. ಅವಳ ಎದೆ ಕಟ್ಟಿತು. ಉಸಿರೆಳೆದರೆ ಗೊರಗೊರ, ಬಿಟ್ಟರೆ ಗೊರಗೊರ. ಅಂಗಾಲು ಹೊಳೆಯ ಕಲ್ಲಿನಷ್ಟು ತಣ್ಣಗೆ. ಒಲೆಯ ಹತ್ತಿರ ಮಲಗಿಸಿದರೆ ಚರ್ಮ ಬಿಸಿಯಾಗುತ್ತಿತ್ತು, ಒಳಗಿನ ಚಳಿ ಹೋಗುತ್ತಿರಲಿಲ್ಲ. ಹೊಗೆಗೆ ಕೆಮ್ಮು ಬೇರೆ.

“ಒಳಗೆ ಬೆಚ್ಚಗಾಗಬೇಕು ಮಗಾ,” ಅಂದಳು ಅಜ್ಜಿ. “ಹೊರಗಿನ ಬೆಂಕಿ ಒಳಗೆ ಬರಲ್ಲ. ನಂದು ಮುಗೀತು ಅನ್ಸುತ್ತೆ.”

“ಮುಚ್ಚು ಬಾಯಿ,” ಅಂದಳು ಬೊಮ್ಮಕ್ಕ. ಸಿಟ್ಟಿನಿಂದ ಅಂದಳು, ಯಾಕೆಂದರೆ ಅವಳಿಗೆ ಹೆದರಿಕೆಯಾಗಿತ್ತು.

ಹೊರಗೆ ಬಂದು ನೋಡಿದಳು. ಹಕ್ಕಿಗಳೆಲ್ಲ ಪುಕ್ಕ ಉಬ್ಬಿಸಿಕೊಂಡು, ಕತ್ತು ಒಳಗೆ ಎಳೆದುಕೊಂಡು, ಉಂಡೆಗಳ ಹಾಗೆ ಕೂತಿವೆ. ಪಿಕಳಾರ ಹಕ್ಕಿ ಮಾತ್ರ ಕೊಂಬೆಯಿಂದ ಕೊಂಬೆಗೆ ಹಾರುತ್ತಾ ಹಾಡುತ್ತಿದೆ.

“ನಿನಗೆ ಚಳಿಯಾಗಲ್ವೇನೇ?” ಕೇಳಿದಳು ಬೊಮ್ಮಕ್ಕ.

“ನಾನು ಮಲಗೋದು ಈ ಮರದಲ್ಲಿ,” ಅಂದಿತು ಪಿಕಳಾರ. “ಇದರ ಕಾಯಿ ತಿಂತೀನಿ. ನಂಗ್ಯಾಕೆ ಚಳಿ?”

ಅದು ಚಕ್ಕೆಮರ. ಅಡುಗೆಮನೆಯಲ್ಲಿ ಚಕ್ಕೆ ಅಂತೀವಲ್ಲ, ದಾಲ್ಚಿನ್ನಿ, ಅದರ ಮರ. ಆಗ ಅದಕ್ಕೆ ಆ ಹೆಸರಿರಲಿಲ್ಲ. ಯಾವ ಹೆಸರೂ ಇರಲಿಲ್ಲ. ಹಣ್ಣು ನೋಡಿದರೆ ಬೆರಳ ತುದಿಯಷ್ಟು, ಮರ ನೋಡಿದರೆ ತೊಲೆಗೂ ಆಗದು, ತೊಟ್ಟಿಲಿಗೂ ಆಗದು. ಯಾರೂ ಅದರ ಕಡೆ ತಿರುಗಿ ನೋಡಿದವರಲ್ಲ. ಚಿಗುರೂ ಎಲ್ಲ ಮರದ ಹಾಗೇ ಹಸಿರಾಗಿತ್ತು, ಇದನ್ನು ನೆನಪಿಟ್ಟುಕೊಳ್ಳಿ.

ಬೊಮ್ಮಕ್ಕ ಮರದ ಹತ್ತಿರ ಹೋದಳು. “ಮರವೇ, ನಮ್ಮಜ್ಜಿಗೆ ಒಳಗೆ ಬೆಚ್ಚಗಾಗಬೇಕು. ನಿನ್ನ ಹತ್ತಿರ ಏನಾದರೂ ಇದೆಯಾ?”

ಇಷ್ಟು ಕಾಲದಲ್ಲಿ ಆ ಮರವನ್ನು ಒಬ್ಬರು ಏನಾದರೂ ಕೇಳಿದ್ದು ಅದೇ ಮೊದಲು. ಮರಕ್ಕೆ ಖುಷಿಯಾಗಿ ಎಲೆಯೆಲ್ಲ ಅಲ್ಲಾಡಿತು. “ಇದೆ ಬೊಮ್ಮಕ್ಕಾ. ಬೇಸಗೆಯ ಬಿಸಿಲೆಲ್ಲ ನನ್ನ ತೊಗಟೆಯಲ್ಲಿ ಕೂಡಿಟ್ಟುಕೊಂಡಿದ್ದೀನಿ. ಕೊಂಬೆ ಕಡಿದು ತೊಗಟೆ ಬಿಡಿಸಿಕೋ. ಬೇರು ಮುಟ್ಟಬೇಡ, ಒಂದು ಕೊಂಬೆ ಹೋದ ಕಡೆ ನಾಲ್ಕು ಚಿಗುರು ಬರುತ್ತೆ.”

ಬೊಮ್ಮಕ್ಕ ತೊಗಟೆ ಬಿಡಿಸಿದಳು. ಮೂಗಿಗೆ ಹಿಡಿದರೆ, ಅಬ್ಬಾ! ಸಿಹಿ, ಖಾರ, ಬಿಸಿ ಮೂರೂ ಒಟ್ಟಿಗೆ. ಬಂಡೆಯ ಮೇಲೆ ಒಣಗಲು ಹರವಿದಳು. ಆಗಿನ ತೊಗಟೆ ಒಣಗಿದರೂ ಅಂಗೈ ಚಾಚಿದ ಹಾಗೆ ಚಪ್ಪಟೆಯಾಗಿ ಬಿದ್ದಿರುತ್ತಿತ್ತು.

ಸಂಜೆ ಒಂದಷ್ಟು ತಂದು ಕುದಿಸಿ ಅಜ್ಜಿಗೆ ಕುಡಿಸಿದಳು. ಅಜ್ಜಿ ಎರಡು ಗುಟುಕು ಕುಡಿದು, “ಏನೇ ಇದು, ಸೌದೆ ಬೇಯಿಸಿದ್ದೀಯಾ?” ಅಂದಳು.

ವಾಸನೆ ಎಲ್ಲಿ ಹೋಯಿತು? ಹೋದದ್ದು ಗಾಳಿರಾಯನ ಹೊಟ್ಟೆಗೆ.

ಈ ಗಾಳಿರಾಯನ ವಿಷಯ ಒಂಚೂರು ಹೇಳಬೇಕು. ಲೋಕ ಹುಟ್ಟಿದ ದಿನ ಗಾಳಿಗೂ ನೀರಿಗೂ ಜಗಳವಾಗಿ, ಸೂರ್ಯ ಪಂಚಾಯಿತಿ ಮಾಡಿದ್ದ. “ನೀರಿನ ಮೇಲಿದ್ದದ್ದು ಗಾಳಿಯದು, ನೀರಿನ ಅಡಿಯಲ್ಲಿದ್ದದ್ದು ನೀರಿನದು. ಇನ್ನು ಕಿರುಚಾಡಬೇಡಿ.” ಅವತ್ತಿನಿಂದ ತೆರೆದಿಟ್ಟ ವಾಸನೆಯೆಲ್ಲ ತನ್ನದೇ ಅಂತ ಗಾಳಿರಾಯನ ಲೆಕ್ಕ. ಹೂವಿನ ವಾಸನೆ ಎತ್ತಿಕೊಂಡು ಹೋಗಿ ಜೇನಿಗೆ ಮುಟ್ಟಿಸುವನು, ಮಣ್ಣಿನ ವಾಸನೆ ನವಿಲಿಗೆ ಮುಟ್ಟಿಸುವನು. ಕೆಟ್ಟವನೇನಲ್ಲ. ಆದರೆ ಕಿವಿ ಬಹಳ ಸೂಕ್ಷ್ಮ, ನಾಲಿಗೆ ಬಹಳ ಉದ್ದ.

ಮಾರನೆಯ ದಿನ ಬೊಮ್ಮಕ್ಕ ಹಸಿ ತೊಗಟೆಯನ್ನೇ ಕುದಿಸಿದಳು. ಗುಡಿಸಲೆಲ್ಲ ಘಮಘಮ. ಹಬೆ ಮೇಲೆದ್ದದ್ದೇ ತಡ, ಗಾಳಿರಾಯ ಹುಲ್ಲಿನ ಸೂರಿನ ಸಂದಿಯಲ್ಲಿ ನುಗ್ಗಿ ಅಷ್ಟನ್ನೂ ಹೊತ್ತುಕೊಂಡು ಹೋದ. ಆಚೆ ಬೆಟ್ಟದವರು ಮೂಗರಳಿಸಿ, “ಯಾರ ಮನೆಯಲ್ಲಪ್ಪಾ ಹಬ್ಬ?” ಅಂದರಂತೆ. ನಿಂಗಜ್ಜಿಗೆ ಸಿಕ್ಕಿದ್ದು ಬರೀ ಬಿಸಿನೀರು.

ಮೂರನೆಯ ದಿನ ಬೊಮ್ಮಕ್ಕ ತನ್ನ ವಿದ್ಯೆಯನ್ನೆಲ್ಲ ಹೊರಗೆ ತೆಗೆದಳು. ದೊಡ್ಡ ಮಡಕೆಯಲ್ಲಿ ಹಸಿ ತೊಗಟೆ, ನೀರು. ಅದರ ಬಾಯಿಗೆ ಇನ್ನೊಂದು ಮಡಕೆ ಕವುಚಿ, ಸಂದಿಗೆ ರಾಗಿ ಹಿಟ್ಟು ಮೆತ್ತಿದಳು. ಮೇಲಿನ ಮಡಕೆಗೆ ಒಂದು ತೂತು, ತೂತಿಗೆ ಬಿದಿರಿನ ಕೊಳವೆ. ಕೊಳವೆಯ ಇನ್ನೊಂದು ತುದಿ ಹೊಳೆಯ ತಣ್ಣೀರಲ್ಲಿ ಇಟ್ಟ ಚಿಕ್ಕ ಮಡಕೆಗೆ. ಕೆಳಗೆ ಬೆಂಕಿ ಹಾಕಿದರೆ ಹಬೆ ಕೊಳವೆಯಲ್ಲಿ ಬಂದು, ತಣ್ಣಗಾಗಿ, ತೊಟ್ಟುತೊಟ್ಟಾಗಿ ಬೀಳಬೇಕು. ಬಿತ್ತು.

ಅಷ್ಟು ತೊಗಟೆಗೆ ಬಂದದ್ದು ಎರಡೇ ಹನಿ ಎಣ್ಣೆ. ನೀರಿನ ಮೇಲೆ ಜೇನಿನ ಬಣ್ಣದಲ್ಲಿ ಹೊಳೆಯುತ್ತಾ ತೇಲುತ್ತಿತ್ತು. ಹೌದು, ಆಗ ಅದೂ ತೇಲುತ್ತಿತ್ತು.

ಬೊಮ್ಮಕ್ಕ ಮುಚ್ಚಳ ತೆಗೆದು ಎಲೆಯ ತುದಿ ಇಳಿಬಿಡುವಷ್ಟರಲ್ಲಿ ಸುಯ್ ಅಂತ ಬಂದ ಗಾಳಿರಾಯ, ಎರಡೂ ಹನಿ ನೆಕ್ಕಿಬಿಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“ಗಾಳಿರಾಯಾ! ನಮ್ಮಜ್ಜಿ ಉಸಿರು ನಿಲ್ಲೋ ಹಾಗಿದೆ. ಒಂದೇ ಒಂದು ಹನಿ ಬಿಡಪ್ಪಾ!”

“ನಂಗೂ ಚಳಿ ಕಣಕ್ಕಾ,” ಅಂದ ಗಾಳಿರಾಯ. ನಿಜವಾಗಿಯೂ ನಡುಗುತ್ತಿದ್ದ. “ಬೆಟ್ಟದ ತುದಿಯಿಂದ ಈ ಚಳಿಯನ್ನೆಲ್ಲ ಹೊತ್ತು ತರೋನು ನಾನು. ನಂಗೆಷ್ಟು ಆಗಿರಬೇಡ? ಇದು ನೆಕ್ಕಿದರೆ ಹಾಯಾಗುತ್ತೆ. ನಾಳೆ ಬಿಡ್ತೀನಿ, ಖಂಡಿತ.”

ನಾಳೆ ಬಂತು. ಬೊಮ್ಮಕ್ಕ ಮತ್ತೆ ಎಣ್ಣೆ ಇಳಿಸಿದಳು. ಗಾಳಿರಾಯ ಮತ್ತೆ ನೆಕ್ಕಿದ. “ಅಯ್ಯೋ, ಮರೆತೇಹೋಯ್ತು ಕಣಕ್ಕಾ,” ಅಂದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಅಜ್ಜಿ ಆಗಲೇ ಗಂಜಿ ಬಿಟ್ಟಿದ್ದಳು. ಮಾತೂ ಕಮ್ಮಿಯಾಗಿತ್ತು. ಮಾತು ಕಮ್ಮಿಯಾದದ್ದೇ ಬೊಮ್ಮಕ್ಕನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು, ಯಾಕೆಂದರೆ ನಿಂಗಜ್ಜಿ ನಿದ್ದೆಯಲ್ಲೂ ಮಾತಾಡುವವಳು. ಬೊಮ್ಮಕ್ಕ ಚಕ್ಕೆಮರದ ಬುಡದಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತಳು. ಅತ್ತು ಮೂಗೊರೆಸಿಕೊಂಡು ಅಜ್ಜಿಯನ್ನು ನೋಡಲು ಮನೆಗೆ ಹೋದಳು.

ಅವಳು ಹೋದ ಮೇಲೆ ಏನಾಯಿತು ಅನ್ನೋದು ಅವಳಿಗೆ ಗೊತ್ತಿಲ್ಲ. ನೀವು ಕೇಳಿಸಿಕೊಳ್ಳಿ, ಆದರೆ ಬಾಯಿ ಬಿಡಬೇಡಿ.

ನೆಲದ ಮೇಲೆ ಎಲ್ಲಿ ಮಾತಾಡಿದರೂ ಗಾಳಿಗೆ ಕೇಳುತ್ತೆ. ನೆಲದ ಅಡಿಗೆ ಗಾಳಿ ಹೋಗಲಾರ. ಅದಕ್ಕೆ ಚಕ್ಕೆಮರ ತನ್ನ ಬೇರಿನ ತುದಿಯಿಂದ ಹೊಳೆಯವ್ವನನ್ನು ಮೆಲ್ಲಗೆ ಮುಟ್ಟಿತು.

“ಹೊಳೆಯವ್ವಾ, ನನ್ನ ಎಣ್ಣೆಯನ್ನ ಬಚ್ಚಿಡ್ತೀಯಾ?”

“ಎಲ್ಲಿಡಲಿ?” ಅಂದಳು ಹೊಳೆಯವ್ವ. “ಎಲ್ಲಾ ಎಣ್ಣೆಗಳೂ ಬಂದು ನನ್ನ ನೆತ್ತಿ ಮೇಲೆ ಕೂರ್ತವೆ. ಕೊಬ್ಬರಿದೂ ನೆತ್ತಿ ಮೇಲೆ, ಎಳ್ಳಿಂದೂ ನೆತ್ತಿ ಮೇಲೆ. ನನ್ನ ಮಡಿಲಿಗೆ ಇಳಿದು ಬಂದದ್ದು ಒಂದೂ ಇಲ್ಲ.”

“ನಂದು ಬರುತ್ತೆ, ಮಡಿಲಲ್ಲೇ ಇಟ್ಟುಕೋ. ನಿನ್ನ ಅಡಿಯಲ್ಲಿದ್ದರೆ ಗಾಳಿ ಮುಟ್ಟೋ ಹಾಗಿಲ್ಲ.”

“ಬರೋಕೆ ಭಾರ ಬೇಕಲ್ಲ ಮಗಾ. ಹಗುರ ಇದ್ದದ್ದು ಇಳಿಯೋದು ಹೇಗೆ?”

ಮರದ ಬೇರು ಒಂದು ಬಂಡೆಯನ್ನು ತಬ್ಬಿಕೊಂಡಿತ್ತು. ಬಂಡೆಯನ್ನು ಕೇಳಿತು, “ಅಣ್ಣಾ, ಒಂಚೂರು ಭಾರ ಕೊಡ್ತೀಯಾ?”

“ತಗೋ,” ಅಂದಿತು ಬಂಡೆ. “ನನ್ನ ಹತ್ತಿರ ಅದು ಬಿಟ್ಟರೆ ಇನ್ನೇನಿದೆ?”

ಬೇರು ಬಂಡೆಯ ಭಾರ ಒಂಚೂರು ಹೀರಿಕೊಂಡಿತು. ಆ ಭಾರ ಬೇರಿನಿಂದ ಕಾಂಡಕ್ಕೆ, ಕಾಂಡದಿಂದ ಕೊಂಬೆಗೆ, ಕೊಂಬೆಯಿಂದ ತೊಗಟೆಗೆ ಏರಿತು.

“ಬೊಮ್ಮಕ್ಕನಿಗೆ ಹೇಗೆ ಹೇಳ್ತೀಯಾ?” ಕೇಳಿದಳು ಹೊಳೆಯವ್ವ.

“ಹೇಳೋ ಹಾಗಿಲ್ಲ. ಬಾಯಿ ಬಿಟ್ಟರೆ ಗಾಳಿಗೆ ಕೇಳುತ್ತೆ. ತಳದಲ್ಲಿದೆ ಅಂತ ಗೊತ್ತಾದರೆ, ಅವಳು ನೀರು ಬಗ್ಗಿಸೋವರೆಗೂ ಕಾದು ಕೂತು ನೆಕ್ಕಿಬಿಡ್ತಾನೆ. ಇರಲಿ ಬಿಡು, ಅವಳು ಎಣ್ಣೆಯವಳು. ಅವಳಿಗೆ ತಿಳಿಯುತ್ತೆ.”

ಪಾಪದ ಮರ. ಎಣ್ಣೆಯವಳಾದ್ದರಿಂದಲೇ ಅವಳಿಗೆ ತಿಳಿಯುವುದಿಲ್ಲ ಅನ್ನೋದು ಅದಕ್ಕೆ ಹೊಳೆಯಲಿಲ್ಲ.

ಮಾರನೆಯ ದಿನ ಬೊಮ್ಮಕ್ಕ ಬಂದಾಗ ಮರ ಇಷ್ಟೇ ಹೇಳಿತು, “ಇನ್ನೊಂದು ಸಲ ಇಳಿಸು ಬೊಮ್ಮಕ್ಕಾ.”

ಇಳಿಸಿದಳು. ಮುಚ್ಚಳ ತೆಗೆದಳು. ನೀರಿನ ಮೇಲೆ ನೋಡಿದಳು, ಏನೂ ಇಲ್ಲ. ಹೊರಳಿ ನೋಡಿದರೆ ಗಾಳಿರಾಯ ನಿಂತಿದ್ದಾನೆ.

“ಮತ್ತೆ ನೆಕ್ಕಿದೆಯಾ?”

“ನಾನಲ್ಲ ಅಕ್ಕಾ! ಮುಟ್ಟೇ ಇಲ್ಲ! ನಾನೂ ಈಗ ತಾನೇ ಬಂದದ್ದು!” ಗಾಳಿರಾಯ ಲೋಕ ಹುಟ್ಟಿದಾಗಿನಿಂದ ಹೇಳಿದ ಮೊದಲ ನಿಜ ಅದು. ಬೊಮ್ಮಕ್ಕ ನಂಬಲಿಲ್ಲ. ಮಡಕೆ ಎತ್ತಿ ನೀರನ್ನು ಅಂಗಳಕ್ಕೆ ಚೆಲ್ಲಿದಳು, ಗಾಳಿರಾಯ ಮೂಸುವ ಮೊದಲೇ ಮಣ್ಣು ಅದನ್ನು ಹೀರಿಕೊಂಡಿತು.

ಅಂಗಳದಲ್ಲಿ ಇರುವೆಸಾಲು ಹೋಗುತ್ತಿತ್ತು. ನೀರು ಬಿದ್ದ ಜಾಗಕ್ಕೆ ಬಂದದ್ದೇ ಇರುವೆಗಳೆಲ್ಲ ಗಕ್ಕನೆ ನಿಂತು, ಮೀಸೆ ಕುಣಿಸಿ, ದೂರದಿಂದ ಸುತ್ತು ಹಾಕಿಕೊಂಡು ಹೋದವು. ಬೊಮ್ಮಕ್ಕ ಅದನ್ನು ನೋಡಲಿಲ್ಲ.

“ಇನ್ನೊಂದು ಸಲ ಇಳಿಸು ಬೊಮ್ಮಕ್ಕಾ,” ಅಂದಿತು ಮರ. ಇಳಿಸಿದಳು. ಮೇಲೆ ನೋಡಿದಳು. ಏನೂ ಇಲ್ಲ. ಚೆಲ್ಲಿದಳು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಅಂತಾರಲ್ಲ, ಅವಳು ಬೆಣ್ಣೆಯನ್ನು ಚೆಲ್ಲಿಯೇಬಿಟ್ಟಳು.

ಮೂರನೆಯ ಸಲ ಇಳಿಸುವ ಹೊತ್ತಿಗೆ ಅವಳಿಗೂ ಕೈಕಾಲು ಸೋತಿತ್ತು. ಬೆಳಗಿನಿಂದ ಅಜ್ಜಿ ಕಣ್ಣು ಬಿಟ್ಟಿರಲಿಲ್ಲ. ಚಿಕ್ಕ ಮಡಕೆಯನ್ನು ಹೊಳೆಯೊಳಗೆ ಸರಿಯಾಗಿ ಇಳಿಸುವಷ್ಟೂ ತಾಳ್ಮೆ ಇಲ್ಲ, ದಡದ ಮೇಲೇ ಇಟ್ಟಳು. ಬಿದ್ದ ನೀರು ಉಗುರುಬೆಚ್ಚಗೇ ಉಳಿಯಿತು. ಮುಚ್ಚಳ ತೆಗೆದು ನೋಡಿದಳು. ಮೇಲೆ ಏನೂ ಇಲ್ಲ.

ಮಡಕೆ ಕಂಕುಳಲ್ಲಿಟ್ಟುಕೊಂಡು ಮರದ ಮುಂದೆ ನಿಂತಳು. ಕಣ್ಣಲ್ಲಿ ನೀರು, ಬಾಯಲ್ಲಿ ಬೆಂಕಿ.

“ಕೊಡಲ್ಲ ಅಂತ ಮೊದಲೇ ಹೇಳಿದ್ದರೆ ಆಗುತ್ತಿರಲಿಲ್ವಾ? ಕೊಡ್ತೀನಿ ಕೊಡ್ತೀನಿ ಅಂತ ನನ್ನ ಕೈಲಿ ದಿನಾ ನೀರು ಕಾಯಿಸಿದೆ. ಅಲ್ಲಿ ನಮ್ಮಜ್ಜಿ ಸಾಯ್ತಿದ್ದಾಳೆ. ನೀನು ಸುಳ್ಳು ಮರ. ಸುಳ್ಳು ಮರ ನೀನು!”

ಮರಕ್ಕೆ ಎಷ್ಟು ನೋವಾಯಿತು ಅಂದರೆ ಕೇಳಬೇಡಿ. ‘ನಿನ್ನ ಕಂಕುಳಲ್ಲೇ ಇದೆಯಲ್ಲೇ ಬೊಮ್ಮಕ್ಕಾ’ ಅನ್ನುವ ಮಾತು ಕೊಂಬೆಯ ತುದಿಯವರೆಗೆ ಬಂತು. ಅಲ್ಲೇ ಗಾಳಿರಾಯ ಎಲೆಗಳ ನಡುವೆ ಸುಳಿದಾಡುತ್ತಿದ್ದ. ಮರ ಆ ಮಾತನ್ನು ನುಂಗಿಕೊಂಡಿತು. ಮಾತು ನುಂಗಿಕೊಂಡರೆ ನಮ್ಮ ಮುಖ ಕೆಂಪಾಗುವುದಿಲ್ಲವೇ, ಹಾಗೇ ಮರದ ಚಿಗುರೆಲ್ಲ ಕೆಂಪಾಯಿತು.

ಬೊಮ್ಮಕ್ಕ ತಿರುಗಿ ನೋಡದೆ ಮನೆಗೆ ನಡೆದಳು. ಚಳಿ ಒಳಗೆ ಬರಬಾರದು ಅಂತ ಗುಡಿಸಲ ತಟ್ಟಿಬಾಗಿಲು ಭದ್ರವಾಗಿ ಎಳೆದುಕೊಂಡಳು, ಸಂದಿಗೆ ಹುಲ್ಲು ತುರುಕಿದಳು. ಗಾಳಿರಾಯ ಹೊರಗುಳಿದ.

ಅಜ್ಜಿಯ ಅಂಗಾಲು ಮುಟ್ಟಿ ನೋಡಿದಳು. ಕಲ್ಲಿನಷ್ಟು ತಣ್ಣಗಿತ್ತು. ಮಡಕೆಯ ನೀರು ಚೆಲ್ಲಲು ಎದ್ದವಳು, ಮುಟ್ಟಿ ನೋಡಿ ನಿಂತಳು. ಬೆಚ್ಚಗಿದೆ. ಹೇಗೂ ಕಾದ ನೀರು, ದಂಡ ಮಾಡೋದ್ಯಾಕೆ, ಅಜ್ಜಿಯ ಕಾಲಾದರೂ ತೊಳೆಯೋಣ ಅಂದುಕೊಂಡಳು. ಮರದ ಮರಿಗೆಗೆ ಮಡಕೆಯ ನೀರನ್ನೆಲ್ಲ ತಳ ಬಡಿದು ಸುರಿದಳು. ಅಜ್ಜಿಯನ್ನು ಎತ್ತಿ ಎದೆಗೊರಗಿಸಿಕೊಂಡು ಕೂರಿಸಿ, ಎರಡೂ ಪಾದ ನೀರಲ್ಲಿಟ್ಟಳು. ಇನ್ನು ತನ್ನ ಕೈಲಿ ಆಗೋದು ಇಷ್ಟೇ ಅಂತ ಕಣ್ಣು ಮುಚ್ಚಿಕೊಂಡಳು.

“ಅಯ್ಯಯ್ಯಪ್ಪಾ!”

ಎರಡು ದಿನದಿಂದ ಬಾಯಿ ಬಿಡದ ನಿಂಗಜ್ಜಿ ಕಿರುಚಿದಳು.

“ಏನೇ ಇಟ್ಟೆ ತಳದಲ್ಲಿ? ಕೆಂಡಾನಾ?”

ಬೊಮ್ಮಕ್ಕ ಬಗ್ಗಿ ಮರಿಗೆಯ ನೀರು ನೋಡಿದಳು. “ಏನೂ ಇಲ್ಲ ಅಜ್ಜೀ. ಬರೀ ನೀರು.”

“ಚುರುಚುರು ಅಂತಿದೆ ಅಂಗಾಲು!”

ಬೊಮ್ಮಕ್ಕ ಇನ್ನೊಮ್ಮೆ ನೋಡಿದಳು. “ಮೇಲೆ ಏನೂ ಕಾಣಲ್ಲ ಅಜ್ಜೀ.”

“ಮೇಲೆ ಏನೇ ನೋಡ್ತೀಯಾ, ಕೋಣ! ನನ್ನ ಕಾಲು ಮೇಲಿದೆಯಾ? ತಳ ತಡವು, ತಳ!”

ಬೊಮ್ಮಕ್ಕ ಕೈ ಇಳಿಬಿಟ್ಟು ತಳ ತಡವಿದಳು. ಬೆರಳಿಗೆ ಏನೋ ಜಾರಿತು. ನೀರಿನ ಹಾಗಿಲ್ಲ, ಮಣ್ಣಿನ ಹಾಗಿಲ್ಲ. ಮರಿಗೆಯ ತಳದಲ್ಲಿ, ಅಜ್ಜಿಯ ಅಂಗಾಲ ಕೆಳಗೆ, ಜೇನಿನ ಬಣ್ಣದ ಹನಿಗಳು ಗುಂಡಗೆ ಕೂತಿದ್ದವು. ಮೂಗಿಗೆ ಹಿಡಿದಳು. ಸಿಹಿ, ಖಾರ, ಬಿಸಿ ಮೂರೂ ಒಟ್ಟಿಗೆ.

“ಎಣ್ಣೆ,” ಅಂದಳು. “ಅಜ್ಜೀ, ಎಣ್ಣೆ ಮುಳುಗಿದೆ.”

ಅಷ್ಟರಲ್ಲಿ ಅವಳ ಬೆರಳೂ ಉರಿಯಲು ಶುರುವಾಯಿತು. ಉರಿ ತಡೆಯದೆ ಪಕ್ಕದಲ್ಲಿದ್ದ ಚಿಪ್ಪಿನ ಕೊಬ್ಬರಿ ಎಣ್ಣೆಗೆ ಬೆರಳು ಅದ್ದಿದಳು. ಉರಿ ಇಳಿದು ಬರೀ ಬೆಚ್ಚಗೆ ಉಳಿಯಿತು. ಕೊಬ್ಬರಿ ಎಣ್ಣೆಗೂ ಆ ಘಮ ಹತ್ತಿಕೊಂಡಿತು. ಬೊಮ್ಮಕ್ಕನಿಗೆ ಇನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಜ್ಜಿಯ ಕಾಲು ಒರೆಸಿ, ಮರಿಗೆಯ ತಳದ ಹನಿಗಳನ್ನು ಚಿಪ್ಪಿನ ಎಣ್ಣೆಗೆ ಬೆರೆಸಿ, ಅಂಗಾಲಿಗೂ ಎದೆಗೂ ಬೆನ್ನಿಗೂ ಹಚ್ಚಿ ತಿಕ್ಕಿದಳು. ಕೈ ಸೋಲುವವರೆಗೂ ತಿಕ್ಕಿದಳು, ಸೋತ ಮೇಲೂ ತಿಕ್ಕಿದಳು.

ಸ್ವಲ್ಪ ಹೊತ್ತಿಗೆ ಅಜ್ಜಿ ಜೋರಾಗಿ ಕೆಮ್ಮಿದಳು. ಕಟ್ಟಿದ್ದ ಕಫವೆಲ್ಲ ಕಿತ್ತುಕೊಂಡು ಬಂತು. ಗೊರಗೊರ ನಿಂತಿತು. ಒಂದು ದೊಡ್ಡ ಉಸಿರು ಎಳೆದು, ಬಿಟ್ಟು, “ಗಂಜಿ ಇದೆಯೇನೇ?” ಅಂದಳು.

ಬೊಮ್ಮಕ್ಕ ನಕ್ಕಳು, ಅತ್ತಳು, ಗಂಜಿ ಕಾಯಿಸಿದಳು.

ಗಂಜಿ ಕುಡಿಸುತ್ತಾ ಕೇಳಿದಳು, “ತೇಲಿದ್ದು ಎಣ್ಣೆ, ಮುಳುಗಿದ್ದು ಗಸಿ ಅಂತ ನೀನೇ ಅಲ್ವಾ ಅಜ್ಜೀ ಹೇಳಿಕೊಟ್ಟಿದ್ದು?”

“ಹೇಳಿಕೊಟ್ಟಿದ್ದೆ. ಆಗ ಇದನ್ನ ನೋಡಿರಲಿಲ್ಲ. ನೋಡಿದ ಮೇಲೂ ಅದನ್ನೇ ಹೇಳಿದರೆ ನಾನು ಅಜ್ಜಿ ಯಾಕಾಗ್ತೀನಿ, ಒರಳುಕಲ್ಲು ಆಗ್ತೀನಿ.”

ಆಗ ಹೊರಗಿನಿಂದ ತಟ್ಟಿಬಾಗಿಲು ಬಡಬಡ ಅಂತು. “ಬೊಮ್ಮಕ್ಕಾ! ಒಳಗೆ ಏನೋ ಘಮ ಅಂತಿದೆ! ಎಲ್ಲಿತ್ತು ಅದು? ಎಲ್ಲಿಟ್ಟಿದ್ದೆ?” ಗಾಳಿರಾಯ.

ಬೊಮ್ಮಕ್ಕ ಬಾಯಿ ತೆರೆದಳು. ಅಜ್ಜಿ ಅವಳ ತುಟಿಯ ಮೇಲೆ ಬೆರಳಿಟ್ಟಳು.

ಆ ಬೆರಳು ತುಟಿಗೆ ತಾಗಿದಾಗ ಬೊಮ್ಮಕ್ಕನಿಗೆ ಎಲ್ಲವೂ ತಿಳಿಯಿತು. ‘ಇನ್ನೊಂದು ಸಲ ಇಳಿಸು’ ಅಂತಷ್ಟೇ ಹೇಳಿ ಮರ ಯಾಕೆ ಸುಮ್ಮನಾಗುತ್ತಿತ್ತು, ಬೈದರೂ ಯಾಕೆ ತಿರುಗಿ ಮಾತಾಡಲಿಲ್ಲ, ಎಲ್ಲಾ. ಚೆಲ್ಲಿದ ಎರಡು ಮಡಕೆ ನೆನಪಾಗಿ ತಲೆ ಚಚ್ಚಿಕೊಂಡಳು. ಅದಕ್ಕಿಂತ ಹೆಚ್ಚಾಗಿ, ಮರಕ್ಕೆ ಅಂದ ಮಾತು ನೆನಪಾಯಿತು. ಚೆಲ್ಲಿದ ಎಣ್ಣೆ ಮತ್ತೆ ಇಳಿಸಬಹುದು. ಆಡಿದ ಮಾತನ್ನು ಏನು ಮಾಡೋದು?

ಬೆಳಗ್ಗೆ ಎದ್ದು ಮರದ ಹತ್ತಿರ ಓಡಿದಳು. ಮರದ ತುಂಬ ಕೆಂಪು ಚಿಗುರು. ತಪ್ಪಾಯಿತು ಅಂತ ಕೂಗಿ ಹೇಳಬೇಕು ಅನ್ನಿಸಿತು ಅವಳಿಗೆ. ಆದರೆ ಯಾಕೆ ತಪ್ಪಾಯಿತು ಅಂತ ಗಾಳಿರಾಯ ಕೇಳದೆ ಬಿಡುತ್ತಾನೆಯೇ? ಅವಳೂ ಮಾತು ನುಂಗಿಕೊಂಡಳು. ಕೊಂಬೆ ಕಡಿದ ಗಾಯದ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತಳು. ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳು ನಿಂತ ಹಾಗೇ ಕೆಂಪು ಚಿಗುರು ಮೆಲ್ಲಗೆ ತಿಳಿಯಾಗಿ, ಹಸಿರಿಗೆ ತಿರುಗಿತು.

ಗಾಳಿರಾಯ ಬಂದು ಗೋ ಅಂತ ಶುರುಮಾಡಿದ. “ನನಗೆ ಮಾತ್ರ ಏನೂ ಇಲ್ಲ ಅಲ್ವಾ? ನನಗೂ ಏನಾದರೂ ಕೊಡು!”

“ಕೊಡ್ತೀನಿ,” ಅಂದಿತು ಮರ. “ನನ್ನ ಹೂವಿನ ವಾಸನೆ ಪೂರ್ತಿ ನಿನಗೇ.”

ಗಾಳಿರಾಯ ಆಸೆಯಿಂದ ಹೂವಿಗೆ ಮೂಗು ತೂರಿಸಿದ. ಥೂ! ಹಳಸಿದ ವಾಸನೆ. ಮರಕ್ಕೂ ಒಂದಿಷ್ಟು ತುಂಟತನ ಇರುತ್ತೆ, ಏನಂದುಕೊಂಡಿರಿ? ಚಕ್ಕೆಹೂವು ಇವತ್ತಿಗೂ ಮೂಗಿಗೆ ಹಿತವಲ್ಲ.

ಬಂಡೆಯ ಮೇಲೆ ಒಣಗಲು ಹಾಕಿದ್ದ ತೊಗಟೆಗಳೂ ಇದನ್ನೆಲ್ಲ ನೋಡುತ್ತಿದ್ದವು. ಇನ್ನು ಚಪ್ಪಟೆಯಾಗಿ ಬಿದ್ದಿದ್ದರೆ ನಮಗೆ ಉಳಿಗಾಲವಿಲ್ಲ ಅಂತ, ಎರಡೂ ಅಂಚಿನಿಂದ ಒಳಕ್ಕೆ ಸುರುಳಿ ಸುತ್ತಿಕೊಂಡು, ಘಮವನ್ನು ಹೊಟ್ಟೆಯಲ್ಲಿ ಅವಿತಿಟ್ಟುಕೊಂಡವು. ನಿಮ್ಮಮ್ಮನ ಮಸಾಲೆ ಡಬ್ಬಿ ತೆಗೆದು ನೋಡಿ, ಈಗಲೂ ಹಾಗೇ ಸುತ್ತಿಕೊಂಡು ಮಲಗಿರುತ್ತವೆ.

ಬೊಮ್ಮಕ್ಕ ಮುಂದೆ ಬಿದಿರಿನ ಸಣ್ಣ ಕೊಳವೆಯನ್ನು ನೀರಿನ ತಳಕ್ಕೆ ಇಳಿಸಿ, ಮೇಲಿನ ಬಾಯಿಗೆ ಹೆಬ್ಬೆರಳು ಒತ್ತಿ, ತಳದ ಎಣ್ಣೆಯನ್ನು ಎತ್ತುವುದು ಕಲಿತಳು. ಎತ್ತಿದ ಹನಿಯನ್ನು ನೇರ ಕೊಬ್ಬರಿ ಎಣ್ಣೆಗೆ ಬಿಡುವಳು, ಗಾಳಿರಾಯನಿಗೆ ಎಡೆಯೇ ಇಲ್ಲ. ಹಟ್ಟಿಯವರು ಶೀತಕ್ಕೆ ಎದೆಗೆ ತಿಕ್ಕಿದರು, ನಡೆದು ದಣಿದ ಕಾಲಿಗೆ ಹಚ್ಚಿದರು, ಹುಳುಕು ಹಲ್ಲಿನ ನೋವಿಗೆ ಹತ್ತಿಯಲ್ಲಿ ಅದ್ದಿ ಇಟ್ಟರು. ಇರುವೆ ಬರುವ ಗೋಡೆಯ ಗೂಡಿಗೆ ಒಂದು ತೊಟ್ಟು ಸವರಿದರು. ಬರೀ ಎಣ್ಣೆಯನ್ನು ಮಾತ್ರ ಯಾರೂ ಮೈಗೆ ಮುಟ್ಟಿಸುತ್ತಿರಲಿಲ್ಲ. ಮುಟ್ಟಿಸಿದರೆ ಏನಾಗುತ್ತೆ ಅಂತ ನಿಂಗಜ್ಜಿ ಕಾಲು ಎತ್ತಿ ತೋರಿಸಿ, ಕತೆಯನ್ನು ಮೊದಲಿಂದ ಶುರುಮಾಡುತ್ತಿದ್ದಳು. ಬಾಗಿಲು ಹಾಕಿಕೊಂಡೇ.

ಎಣ್ಣೆ ತೆಗೆಯುವವರಿಗೆ ಈಗಲೂ ಗೊತ್ತು. ಚಕ್ಕೆಯ ಎಣ್ಣೆಯನ್ನು ನೀರಿಗೆ ಬಿಟ್ಟರೆ ಅದು ಹೊಳೆಯವ್ವನ ಮಡಿಲು ಹುಡುಕಿಕೊಂಡು ಕೆಳಗೆ ಹೋಗುತ್ತೆ.

ಸರಿ, ಈಗ ಬಾಗಿಲು ತೆಗೀರಿ. ಹಿತ್ತಲಲ್ಲಿ ಚಕ್ಕೆಮರ ಚಿಗುರಿದೆ, ಹೋಗಿ ನೋಡಿ. ದೂರದಿಂದ ಹೂವು ಬಿಟ್ಟ ಹಾಗೆ ಕೆಂಪಗೆ ಕಾಣುತ್ತಲ್ಲ, ಅದು ಎಳೆಯ ಎಲೆ. ‘ಸುಳ್ಳು ಮರ’ ಅನ್ನಿಸಿಕೊಂಡ ದಿನ ನುಂಗಿದ ಮಾತಿಗೆ ಪ್ರತಿ ಚಿಗುರೂ ಇಂದಿಗೂ ಮೊದಲು ಕೆಂಪಾಗುತ್ತೆ, ಆಮೇಲೆ ಬೊಮ್ಮಕ್ಕನ ಅಂಗೈ ನೆನಪಾಗಿ ಮೆಲ್ಲಗೆ ಹಸಿರಾಗುತ್ತೆ.